ಗಂಡನ ಚೀನೀ ಮನೆತನದ ವಂಶಾವಳಿ ಹುಡುಕಲು ಡಿಎನ್‌ಎ ಟೆಸ್ಟ್ ಒಳ್ಳೆಯದೋ, ದುಡ್ಡು ಕಟ್ಟುವ ವೆಬ್‌ಸೈಟೋ?

ಎರಡೂ ಬೇಡ. ನಿಮ್ಮ ಹಾಗೇ ನಾನೂ ಬೆಂಗಳೂರಿನವಳು, ಮಲೇಷ್ಯಾದ ಪಿನಾಂಗ್‌ನ ಚೀನೀ ಮನೆಗೆ ಸೊಸೆಯಾಗಿ ಬಂದವಳು. ಮಗ ಹುಟ್ಟಿದ ಮೇಲೆ ನನಗೂ ಇದೇ ಹುಚ್ಚು ಹಿಡಿದಿತ್ತು. ತವರಿನ ಗೋತ್ರ, ಮನೆದೇವರು ಎಲ್ಲ ಬಾಯಿಪಾಠ. ಗಂಡನ ಕಡೆಯದು ಅಜ್ಜನ ಹೆಸರಿನಾಚೆ ಏನೂ ಗೊತ್ತಿರಲಿಲ್ಲ.

ನಮ್ಮವರ ಮನೆತನದ ಹೆಸರು ಖೂ. ಇಲ್ಲಿ ಖೂ ಅಂದರೆ ಸಾಕು, ಎಲ್ಲರೂ ಜಾರ್ಜ್‌ಟೌನ್‌ನ ಖೂ ಕಾಂಗ್ಸಿ ಕಡೆ ಕೈ ತೋರಿಸುತ್ತಾರೆ. ಕುಲದವರೇ ಕಟ್ಟಿಕೊಂಡ ಸಂಘ ಅದು. ಒಳಗೆ ಕುಲದೇವರು, ಪೂರ್ವಜರ ಫಲಕಗಳು, ಎದುರಿಗೆ ನಾಟಕದ ರಂಗ, ಸುತ್ತ ಕುಲದವರ ಮನೆಗಳು. 1835ರಲ್ಲಿ 102 ಖೂಗಳು ಸೇರಿ 528 ಡಾಲರ್ ಕೂಡಿಸಿ ಶುರು ಮಾಡಿದ್ದು. ಎಲ್ಲರೂ ಫುಜಿಯನ್ ಪ್ರಾಂತ್ಯದ ಹಾಯ್‌ಚೆಂಗ್ ಜಿಲ್ಲೆಯ ಸಿನ್ ಕಾಂಗ್ ಎಂಬ ಒಂದೇ ಹಳ್ಳಿಯ ಮೂಲದವರು. 1901ರಲ್ಲಿ ಹೊಸ ಭವನ ಬೆಂಕಿಗೆ ಹೋಯಿತು. ಚಕ್ರವರ್ತಿಯ ಅರಮನೆಗೇ ಸಾಟಿಯಾಗಿ ಮೆರೆದಿದ್ದಕ್ಕೆ ದೇವರು ಮುನಿದ ಎಂದು ಜನ ಆಡಿಕೊಂಡರು. ಈಗಿರುವುದು 1906ರಲ್ಲಿ ಸಣ್ಣದಾಗಿ ಕಟ್ಟಿದ್ದು. ಇದೇ ಸಣ್ಣದಾದರೆ ಮೊದಲಿನದು ಇನ್ನೆಂಥದ್ದಿರಬೇಕು! ಇಂಥ ಕುಲದ ಸೊಸೆ ನಾನು ಎಂದು ಬೀಗಿದ್ದೇ ಬೀಗಿದ್ದು.

ಎಡವಟ್ಟಾಗಿದ್ದು ಗೋರಿಯ ಹತ್ತಿರ. ಇಲ್ಲಿನ ಹಳೆಯ ಚೀನೀ ಗೋರಿಕಲ್ಲುಗಳ ನೆತ್ತಿಯಲ್ಲಿ ಮೂಲ ಊರಿನ ಹೆಸರು ಕೆತ್ತಿರುತ್ತಾರೆ. ನಡುವೆ ಮೇಲಿನಿಂದ ಕೆಳಕ್ಕೆ ತೀರಿಕೊಂಡವರ ಹೆಸರು, ಪಕ್ಕದಲ್ಲಿ ಸಣ್ಣಗೆ ಮಕ್ಕಳು ಮೊಮ್ಮಕ್ಕಳದ್ದು. ಮುತ್ತಜ್ಜನ ಕಲ್ಲಿನ ಫೋಟೋ ತೆಗೆದು ಮೊಬೈಲ್‌ನ ಅನುವಾದದ ಆ್ಯಪ್‌ಗೆ ಕೊಟ್ಟೆ. ಅದು ಎಡದಿಂದ ಬಲಕ್ಕೆ ಓದಿ ಹಾಯ್‌ಚೆಂಗ್ ಅಂದಿತು. ಸಿನ್ ಕಾಂಗ್ ಇದ್ದ ಜಿಲ್ಲೆಯೇ ಅಲ್ವಾ? ಇನ್ನೇನು ಬೇಕು! ಆದರೆ ಹಳೆಯ ಕಲ್ಲುಗಳಲ್ಲಿ ಅಡ್ಡಸಾಲನ್ನು ಬಲದಿಂದ ಎಡಕ್ಕೆ ಓದಬೇಕು. ಹಾಗೆ ಓದಿದರೆ ಅದು ಚೆಂಗ್‌ಹಾಯ್. ಅಕ್ಷರ ಅವೇ ಎರಡು, ಪ್ರಾಂತ್ಯ ಮಾತ್ರ ಬೇರೆ. ಹಾಯ್‌ಚೆಂಗ್ ಹೊಕ್ಕಿಯನ್ ಮಾತಾಡುವವರ ಸೀಮೆ. ಚೆಂಗ್‌ಹಾಯ್ ಇರುವುದು ಗುವಾಂಗ್‌ಡಾಂಗ್‌ನಲ್ಲಿ, ತಿಯೋಚೂ ಎಂಬ ಬೇರೆ ಮಾತಿನ ಜನರ ಕಡೆ. ಈಗ ಶಾಂತೌ ನಗರಕ್ಕೆ ಸೇರಿದೆ, ಆಟಿಕೆ ಕಾರ್ಖಾನೆಗಳಿಗೆ ಹೆಸರುವಾಸಿ. ತಿಯೋಚೂಗಳಲ್ಲೂ ಖೂಗಳಿದ್ದಾರೆ. ಮನೆಯಲ್ಲಿ ಹೊಕ್ಕಿಯನ್ ಆಡುತ್ತಿದ್ದರಿಂದ ನನಗೆ ಅನುಮಾನವೇ ಬರಲಿಲ್ಲ. ಪಿನಾಂಗ್‌ನಲ್ಲಿ ಯಾವ ಮೂಲದ ಚೀನೀಯರಾದರೂ ಹೊಕ್ಕಿಯನ್ ಆಡುತ್ತಾರೆ ಎಂಬುದು ನಿಮಗೂ ಗೊತ್ತಿರುತ್ತದೆ.

ಮಾವನನ್ನು ಒಂದು ಮಾತು ಕೇಳಿದ್ದರೆ ಮುಗಿದಿತ್ತು. ಅವರಿಗೆ 70 ತುಂಬುವುದಿತ್ತು, ಸರ್‌ಪ್ರೈಸ್ ಕೊಡಬೇಕು ಅಂತ ನನ್ನ ಹಟ. ಒಬ್ಬ ಏಜೆಂಟ್‌ಗೆ ದುಡ್ಡು ಸುರಿದು ಸಿನ್ ಕಾಂಗ್ ತನಕದ ವಂಶವೃಕ್ಷ ಮಾಡಿಸಿ ಫ್ರೇಮ್ ಹಾಕಿಸಿದೆ. ಮಾವ ಕನ್ನಡಕ ಏರಿಸಿಕೊಂಡು ಪೂರ್ತಿ ಓದಿದರು. “ಚೆನ್ನಾಗಿದೆ. ಇದು ಯಾರ ಮನೆಯದು?” ಅಂದರು.

ದುಡ್ಡು ಹೋಗಿದ್ದಕ್ಕೆ ಅಷ್ಟು ಬೇಜಾರಿಲ್ಲ. ಆ ವೃಕ್ಷವನ್ನು ನೀವು ಹೇಳುವಂಥದ್ದೇ ಒಂದು ವೆಬ್‌ಸೈಟಿಗೆ ಹಾಕಿದ್ದೆ. ಯಾರ್ಯಾರೋ ಅಲ್ಲಿಂದ ತಮ್ಮ ವೃಕ್ಷಕ್ಕೆ ಎತ್ತಿಕೊಂಡರು. ನನ್ನದನ್ನು ಅಳಿಸಿದೆ, ಅವರದ್ದು ಹಾಗೇ ಇದೆ. ನಮ್ಮ ಮುತ್ತಜ್ಜ ಅಲ್ಲಿ ಇವತ್ತಿಗೂ ಬೇರೆ ಯಾರದೋ ಮಗ. ಮೆಸೇಜ್ ಹಾಕಿದರೆ ಉತ್ತರವಿಲ್ಲ.

ಇನ್ನು ಡಿಎನ್‌ಎ. ಚೀನೀ ಕುಲ ಬರೀ ರಕ್ತದ ಲೆಕ್ಕ ಅಲ್ಲ. ಗಂಡುಮಕ್ಕಳಿಲ್ಲದವರು ಪೂರ್ವಜರ ಪೂಜೆ ನಿಲ್ಲಬಾರದು ಅಂತ ದತ್ತು ತೆಗೆದುಕೊಂಡರು. ಎಷ್ಟೋ ಸಲ ಅಣ್ಣತಮ್ಮಂದಿರ ಮಗ, ಕೆಲವೊಮ್ಮೆ ಹೊರಗಿನವನು. ಕುಲದ ವಂಶಾವಳಿ ಪುಸ್ತಕಕ್ಕೆ ಹೆಸರು ಹತ್ತಿದರೆ ಅವನು ಆ ಮನೆಯವನೇ. ಟ್ಯೂಬಿಗೆ ಉಗಿದು ಕಳಿಸಿದರೆ ‘ದಕ್ಷಿಣ ಚೀನಾ’ ಅಂತ ಬರುತ್ತದೆ. ಅಷ್ಟು ಈಗಲೇ ಗೊತ್ತಿಲ್ವಾ?

ಮನೆಯಲ್ಲೇ ಹುಡುಕಿ. ಪೂರ್ವಜರ ಪೀಠದ ಮೇಲಿನ ಮರದ ಫಲಕ ಹಳೆಯದಾಗಿದ್ದರೆ ಬಹಳ ಸಲ ಎರಡು ಪದರ ಇರುತ್ತದೆ. ಮುಂದಿನ ಹಲಗೆ ತೆಗೆದರೆ ಒಳಗೆ ಹುಟ್ಟಿದ, ತೀರಿಕೊಂಡ ದಿನ ಬರೆದಿರುತ್ತಾರೆ. ನೀವೇ ಕೈ ಹಾಕಬೇಡಿ, ಹಿರಿಯರಿಂದ ತೆಗೆಸಿ. ನಮ್ಮ ಮಾವ ಊದುಬತ್ತಿ ಹಚ್ಚಿ, ಎರಡು ನಾಣ್ಯ ಎಸೆದು ಅಪ್ಪಣೆ ಕೇಳಿದರು. ಒಂದು ಮಗುಚಿ ಒಂದು ಅಂಗಾತ ಬಿದ್ದರೆ ಒಪ್ಪಿಗೆ. ಹಲಗೆ ತೇವಕ್ಕೆ ಉಬ್ಬಿಕೊಂಡಿತ್ತು, ಕಿರ್ರೆಂದು ಬಂತು.

ಒಂದೇ ತಲೆಮಾರಿನವರ ಹೆಸರುಗಳಲ್ಲಿ ಒಂದು ಅಕ್ಷರ ಸಮಾನವಾಗಿದೆಯಾ ನೋಡಿ. ಎಷ್ಟೋ ಕುಲಗಳಲ್ಲಿ ಆ ಅಕ್ಷರಗಳನ್ನು ಹಿರಿಯರು ಮೊದಲೇ ಪದ್ಯದಂತೆ ಜೋಡಿಸಿಟ್ಟಿರುತ್ತಾರೆ, ತಲೆಮಾರಿಗೊಂದು. ಊರು, ಮನೆತನದ ಚೀನೀ ಅಕ್ಷರ, ಈ ತಲೆಮಾರಿನ ಅಕ್ಷರ ಮೂರೂ ಹೊಂದದಿದ್ದರೆ ಯಾರು ತೋರಿಸಿದ ವಂಶಾವಳಿಯನ್ನೂ ನಂಬಬೇಡಿ. ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬಕ್ಕೆ ಗೋರಿ ತೊಳೆಯಲು ಹೋಗುವಾಗ ನೀವೂ ಹೋಗಿ. ಮಾಸಿದ ಅಕ್ಷರಗಳಿಗೆ ಬಣ್ಣ ತುಂಬುವ ಕೆಲಸ ನೀವೇ ಕೇಳಿ ತಗೊಳ್ಳಿ, ಒಂದೊಂದನ್ನೂ ಹಿರಿಯರು ಓದಿ ಹೇಳುತ್ತಾರೆ.

ಹಳೆಯ ಪುಸ್ತಕಗಳಲ್ಲಿ ಸೊಸೆಯರಿಗೆ ಸಾಮಾನ್ಯವಾಗಿ ತವರಿನ ಮನೆತನದ ಹೆಸರಷ್ಟೇ, ಹೆಣ್ಣುಮಕ್ಕಳಂತೂ ಬಹುಪಾಲು ಇಲ್ಲವೇ ಇಲ್ಲ. ಕನ್‌ಫ್ಯೂಷಿಯಸ್‌ನ ವಂಶಾವಳಿಯಲ್ಲೇ ಹೆಣ್ಣುಮಕ್ಕಳು ಸೇರಿದ್ದು 2009ರ ಆವೃತ್ತಿಯಲ್ಲಿ. 80 ಸಂಪುಟ, 20 ಲಕ್ಷಕ್ಕೂ ಜಾಸ್ತಿ ಹೆಸರು! ನೀವು ಪಟ್ಟು ಹಿಡಿದು ನಿಮ್ಮ ಹೆಸರು ಪೂರ್ತಿ ಹಾಕಿಸಿ, ಊರಿನ ಸಮೇತ. ನನ್ನದನ್ನು ಚೀನೀ ಅಕ್ಷರದಲ್ಲಿ ಹೇಗೆ ಬರೆಯುವುದು ಅಂತ ನಮ್ಮನೆಯಲ್ಲಿ ಜಗಳ ಇನ್ನೂ ನಡೀತಾ ಇದೆ.