ಕಡಲ ಎಂಜಿನಿಯರಿಂಗ್ ಓದಲು ಕೊರ್ವಾಲಿಸ್‌ಗೆ ಬರುವವರಿಗೆ

ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಓದು ಮುಗಿಸಿ, ಕರಾವಳಿ ಮತ್ತು ಸಾಗರ ಎಂಜಿನಿಯರಿಂಗ್ ಓದಲು ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೊರಟಿರುವ ನೀವು ಎರಡು ವಿಷಯ ಕೇಳಿದ್ದೀರಿ: ಆ ವಿಶ್ವವಿದ್ಯಾಲಯವಿರುವ ಕೊರ್ವಾಲಿಸ್‌ ಊರಿನ ಬದುಕು ಹೇಗೆ, ಮತ್ತು ಅಲೆಗಳ ಲೆಕ್ಕಾಚಾರಕ್ಕೆಂದೇ ಬರುವವರು ಭೂವಿಜ್ಞಾನ, ಕಾನೂನು, ಜೀವಶಾಸ್ತ್ರದ ತರಗತಿಗಳಿಗೆ ಸಮಯ ಕೊಡಬೇಕೇ.

ಬದುಕು ಕಷ್ಟವಲ್ಲ. ಊರು ಚಿಕ್ಕದು, ಸಿಟಿ ಬಸ್ಸಿಗೆ ಟಿಕೆಟ್ಟೇ ಇಲ್ಲ. ಚಳಿಗಾಲದ ಮಳೆ ನಮ್ಮ ಕರಾವಳಿಯಂತೆ ಧೋ ಎಂದು ಸುರಿಯುವುದಿಲ್ಲ, ದಿನವಿಡೀ ಜಿನುಗುತ್ತದೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗುವುದು ಹೊಸಬರನ್ನು ಮಳೆಗಿಂತ ಹೆಚ್ಚು ಕುಗ್ಗಿಸುತ್ತದೆ. ಪಾಠದ ಒಂದು ಅವಧಿ ಹತ್ತೇ ವಾರಗಳದ್ದಾದ್ದರಿಂದ ಮೊದಲ ವಾರ ಹಿಂದೆ ಬಿದ್ದರೆ ಸರಿದೂಗಿಸುವುದು ಕಷ್ಟ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಖಚಿತ: ಕೊಡಲೇಬೇಕು, ಅದೂ ಮೊದಲ ವರ್ಷದಲ್ಲೇ. ಇಲ್ಲಿನ ಹಿನ್ಸ್‌ಡೇಲ್ ಪ್ರಯೋಗಾಲಯದ ದೊಡ್ಡ ಅಲೆಕಾಲುವೆ 104 ಮೀಟರ್ ಉದ್ದ, 3.7 ಮೀಟರ್ ಅಗಲ, 4.6 ಮೀಟರ್ ಆಳವಿದೆ; ಅದರಲ್ಲಿ ಸುನಾಮಿಯಂತಹ ಅಲೆಯನ್ನೂ ಎಬ್ಬಿಸಬಹುದು. ಆದರೆ ಯಾವ ಸುನಾಮಿಗೆ ಸಿದ್ಧರಾಗಬೇಕು ಎಂಬುದನ್ನು ಕಾಲುವೆ ಹೇಳುವುದಿಲ್ಲ. ಈ ಕರಾವಳಿಯ ಕ್ಯಾಸ್ಕೇಡಿಯಾ ಭೂಕಂಪ 1700ರ ಜನವರಿ 26ರಂದು ಸಂಭವಿಸಿತೆಂದು ತಿಳಿದದ್ದು, ನೆಲ ಕುಸಿದು ಉಪ್ಪುನೀರಿಗೆ ಸಿಕ್ಕಿ ಸತ್ತ ಮರಗಳ ಉಂಗುರಗಳನ್ನು ಎಣಿಸಿದವರಿಂದ ಮತ್ತು ತಮ್ಮಲ್ಲಿ ಭೂಮಿ ನಡುಗದೆಯೇ ಬಂದೆರಗಿದ ಸುನಾಮಿಯ ಬಗ್ಗೆ ಜಪಾನಿನವರು ಬರೆದಿಟ್ಟ ಹಳೆಯ ದಾಖಲೆಗಳನ್ನು ಓದಿದವರಿಂದ. ಅವರ ಕೆಲಸದ ಮೇಲೆ ಎಂಜಿನಿಯರರ ಲೆಕ್ಕ ನಿಂತಿದೆ. ಅದರ ಫಲವನ್ನು ಕಣ್ಣಾರೆ ನೋಡಬೇಕಾದರೆ ಸುಮಾರು 85 ಕಿ.ಮೀ. ದೂರದ ನ್ಯೂಪೋರ್ಟ್‌ನಲ್ಲಿರುವ ವಿಶ್ವವಿದ್ಯಾಲಯದ ಹ್ಯಾಟ್‌ಫೀಲ್ಡ್ ಸಾಗರ ವಿಜ್ಞಾನ ಕೇಂದ್ರಕ್ಕೆ ಹೋಗಿ. ಅಲ್ಲಿ 2020ರಲ್ಲಿ ತೆರೆದ ಕಟ್ಟಡಕ್ಕೆ ಹೊರಗಿನಿಂದಲೇ ತಾರಸಿಗೆ ಏರುವ ಇಳಿಜಾರು ದಾರಿಯಿದೆ. ಸುನಾಮಿ ಬಂದರೆ ಸುತ್ತಲಿನ ಜನರೂ ಅದನ್ನೇರಿ ಜೀವ ಉಳಿಸಿಕೊಳ್ಳಬಹುದು.

ಕಾನೂನಿನ ಪಾಠ ನಮ್ಮವರಿಗೆ ಇನ್ನಷ್ಟು ಮುಖ್ಯ ಎಂದು ನನಗನ್ನಿಸುತ್ತದೆ. ಕಡಲ್ಕೊರೆತವೆಂದರೆ ಕಲ್ಲು ಸುರಿಯುವುದು ಎಂಬುದನ್ನು ಉಳ್ಳಾಲದಲ್ಲಿ ನೋಡುತ್ತ ಬೆಳೆದವರು ನಾವು. ಒರೆಗಾನ್‌ನಲ್ಲಿ 1967ರ ಕಾನೂನು ಮರಳತೀರವನ್ನು ಸಾರ್ವಜನಿಕರ ಬಳಕೆಗೆ ಕಾಯ್ದಿರಿಸಿದೆ. ರಾಜ್ಯದ ಭೂಬಳಕೆ ಯೋಜನೆಯ 18ನೇ ಗುರಿಯ ಪ್ರಕಾರ, 1977ರ ಜನವರಿ 1ಕ್ಕೆ ಮೊದಲೇ ಅಭಿವೃದ್ಧಿಯಾಗಿದ್ದ ಜಾಗಗಳಿಗಷ್ಟೇ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ತಡೆಗೋಡೆಯ ಅನುಮತಿ ಸಿಗುತ್ತದೆ. ಹೀಗಾಗಿ ಎಷ್ಟೇ ಗಟ್ಟಿಯಾದ ಗೋಡೆಯ ವಿನ್ಯಾಸ ನಿಮ್ಮ ಕೈಯಲ್ಲಿದ್ದರೂ ಅನೇಕ ಕಡೆ ಅದನ್ನು ಕಟ್ಟುವಂತಿಲ್ಲ. ಕೇಪ್ ಲುಕ್‌ಔಟ್ ಉದ್ಯಾನದಲ್ಲಿ ಗೋಡೆಯ ಬದಲು ಉರುಟು ಕಲ್ಲುಗಳ ದಿಬ್ಬ ಹಾಗೂ ಅದರ ಹಿಂದೆ ಮರಳುಚೀಲಗಳ ಕೃತಕ ದಿಣ್ಣೆ ನಿರ್ಮಿಸಿದರು. ಅಲೆ ಬಡಿದಾಗ ಆ ಕಲ್ಲುಗಳು ಜರುಗಿ ಹೊಸ ಇಳಿಜಾರನ್ನು ತಾವೇ ಕಂಡುಕೊಳ್ಳುತ್ತವೆ. ಅಂತಹ ಪರಿಹಾರ ಹೊಳೆಯಬೇಕಾದರೆ ತೀರದ ಭೂವಿಜ್ಞಾನ ಗೊತ್ತಿರಬೇಕು.

ನ್ಯೂಪೋರ್ಟ್‌ಗೆ ಹೋದಾಗ ಏಡಿ ಹಿಡಿಯುವ ಮೀನುಗಾರರೊಂದಿಗೂ ಮಾತನಾಡಿ. ಕಡಲಿನಲ್ಲಿ ಉಪಕರಣ ಇಳಿಸುವ ಜಾಗ ಅವರ ದುಡಿಮೆಯ ಜಾಗವೂ ಹೌದು. ಚಳಿಗಾಲದಲ್ಲಿ ತೀರಕ್ಕಿಳಿದರೆ ಸಮುದ್ರಕ್ಕೆ ಬೆನ್ನು ಹಾಕಬೇಡಿ, ಶಾಂತವಾಗಿ ಕಂಡ ನೀರು ಒಮ್ಮೆಲೇ ಬಹಳ ದೂರ ನುಗ್ಗುತ್ತದೆ. ಉಳ್ಳಾಲದ ಕಡಲ್ಕೊರೆತವನ್ನೇ ಸಂಶೋಧನೆಗೆ ಆಯ್ದುಕೊಳ್ಳುವ ಆಸೆ ನಿಮಗಿದ್ದರೆ, ಅದನ್ನು ಮೊದಲ ಅವಧಿಯಲ್ಲೇ ಮಾರ್ಗದರ್ಶಕರಿಗೆ ತಿಳಿಸಿ, ನಿಮ್ಮ ಸಂಶೋಧನೆಯನ್ನು ಪರಿಶೀಲಿಸುವ ಸಮಿತಿಯಲ್ಲಿ ಎಂಜಿನಿಯರಿಂಗ್ ಹೊರಗಿನ ಒಬ್ಬರು ಪ್ರಾಧ್ಯಾಪಕರು ಇರಲಿ ಎಂದು ಕೇಳಿಕೊಳ್ಳಿ.