ಕುಂಬಳೆಯಲ್ಲಿ ರಾತ್ರಿ ಹುಷಾರು ತಪ್ಪಿದರೆ ಎಲ್ಲಿಗೆ ಹೋಗುವುದು?

ಬೆಂಗಳೂರಿನಿಂದ ಬಂದು ಕುಂಬಳೆಯಲ್ಲಿ ಮನೆ ಮಾಡಿದ್ದೀರಿ, ಜೊತೆಗೆ ವಯಸ್ಸಾದ ಅಮ್ಮ ಇದ್ದಾರೆ ಅಂದಿರಿ. ಇಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ ಸಿಗುತ್ತದೆ: 'ಸೀದಾ ಮಂಗಳೂರಿಗೆ ಕೊಂಡುಹೋಗಿ.' ಕುಂಬಳೆ ಇರುವ ಈ ಕಾಸರಗೋಡು, ಕೇರಳದ ಜಿಲ್ಲೆ ಆದದ್ದು 1984ರಲ್ಲಿ. ಅದಕ್ಕೂ ಎಷ್ಟೋ ಮೊದಲಿನಿಂದ ನಮ್ಮವರು ಹೆರಿಗೆಗೆ ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆ, ಉಳಿದದ್ದಕ್ಕೆ ಅಲ್ಲಿಯ ವೆನ್ಲಾಕ್ ಆಸ್ಪತ್ರೆ ಎಂದು ಹೋಗುತ್ತಿದ್ದವರು. ಈಗ ಮಂಗಳೂರಿನ ಹತ್ತಿರದ ದೇರಳಕಟ್ಟೆಯ ಮೆಡಿಕಲ್ ಕಾಲೇಜುಗಳೂ ಸೇರಿಕೊಂಡಿವೆ. ಆದರೆ ಎಲ್ಲದಕ್ಕೂ ಸೀದಾ ಮಂಗಳೂರು ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಹಾವು ಕಚ್ಚಿದರೆ ಗಡಿ ದಾಟುವ ಯೋಚನೆಯೇ ಬೇಡ. ಇಲ್ಲಿ ಅಡಿಕೆ ತೋಟದಲ್ಲಿ ಕನ್ನಡಿ ಹಾವು (ಕೊಳಕುಮಂಡಲ) ಇದ್ದೇ ಇರುತ್ತದೆ. ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯ ಕೊಯ್ಯುವುದು ಯಾವುದೂ ಬೇಡ. ಹಾವಿನ ವಿಷ ಇಳಿಸುವ ಇಂಜೆಕ್ಷನ್ ಇರುವ ಹತ್ತಿರದ ಸರಕಾರಿ ಆಸ್ಪತ್ರೆಗೆ ಹೊರಡಿ, ಹೊರಡುತ್ತಲೇ ಫೋನ್ ಮಾಡಿ ಸ್ಟಾಕ್ ಇದೆಯಾ ಕೇಳಿ. ಕುಂಬಳೆಯಿಂದ ಕಾಸರಗೋಡಿನ ಜನರಲ್ ಆಸ್ಪತ್ರೆ ಹತ್ತು ಹನ್ನೆರಡು ಕಿಲೋಮೀಟರು ಅಷ್ಟೇ. ನಾಯಿ ಕಚ್ಚಿದರೆ ಮೊದಲು ನಲ್ಲಿ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಆಮೇಲೆ ಅಲ್ಲಿಗೇ ಹೋಗಿ.

ಅಮ್ಮನಿಗೆ ಎದೆನೋವು ಬಂದರೆ? ಇಲ್ಲೇ ಜನ ತಪ್ಪುವುದು. ಬೆವರುತ್ತಿರುವವರನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಮಂಗಳೂರಿಗೆ ಹೊರಟುಬಿಡುತ್ತಾರೆ. ಸುಮಾರು 40 ಕಿಲೋಮೀಟರು, ಕಾರಿನಲ್ಲಿ ಆಕ್ಸಿಜನ್ ಇಲ್ಲ, ನೋಡುವವರಿಲ್ಲ. ಹತ್ತಿರದಲ್ಲಿ ಇ.ಸಿ.ಜಿ. ತೆಗೆಯುವ, ಆ ಹೊತ್ತಿಗೆ ಡಾಕ್ಟರ್ ಇರುವ ಆಸ್ಪತ್ರೆಗೆ ಮೊದಲು ಹೋಗಿ. ಇ.ಸಿ.ಜಿ. ನೋಡಿ, ಬೇಕಾದ ಮಾತ್ರೆ ಕೊಟ್ಟು, ಅವರೇ ಮುಂದಿನ ಆಸ್ಪತ್ರೆಗೆ ಫೋನ್ ಮಾಡಿ ಆಂಬುಲೆನ್ಸಿನಲ್ಲಿ ಕಳಿಸಿದರೆ ಮಂಗಳೂರಿನ ದಾರಿ ಅಷ್ಟು ಭಯದ್ದಲ್ಲ.

ಬಾಯಿ ಸೊಟ್ಟಗಾಗಿ ಒಂದು ಕೈ ಬಿದ್ದುಹೋದರೆ, ಅಂದರೆ ಪಾರ್ಶ್ವವಾಯು ಹೊಡೆದರೆ, ಲೆಕ್ಕ ಬೇರೆ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗಿನ ಅವಕಾಶ. ಅದೂ ತಲೆಯ ಸಿ.ಟಿ. ಸ್ಕ್ಯಾನ್ ಆದ ಮೇಲೆ. ಹಾಗಾಗಿ ರಾತ್ರಿಯೂ ಸ್ಕ್ಯಾನ್ ಮಾಡಿ ಆ ಇಂಜೆಕ್ಷನ್ ಕೊಡುವ ಜಾಗ ಯಾವುದು ಅಂತ ಈಗಲೇ ವಿಚಾರಿಸಿಡಿ. ಅದು ಮಂಗಳೂರೇ ಆಗಿದ್ದರೆ ಮಧ್ಯೆ ಎಲ್ಲೂ ನಿಲ್ಲಬೇಡಿ. ಕೊನೇ ಸಲ ಅವರು ಸರಿಯಾಗಿ ಮಾತಾಡಿದ್ದು ಎಷ್ಟು ಗಂಟೆಗೆ ಅಂತ ಡಾಕ್ಟರು ಕೇಳಿಯೇ ಕೇಳುತ್ತಾರೆ, ನೆನಪಿಡಿ.

ಇದೆಲ್ಲ ಕುಂಬಳೆಯ ಮಾತು. ಪೆರ್ಲ, ಬಾಯಾರಿನವರಿಗೆ ಗಡಿಯಾಚೆಯ ವಿಟ್ಲ, ಪುತ್ತೂರು ಹತ್ತಿರ. ಮುಳ್ಳೇರಿಯ, ಆದೂರಿನ ಕಡೆಯವರು ಜಾಲ್ಸೂರು ದಾರಿಯಲ್ಲಿ ಸುಳ್ಯಕ್ಕೆ ಹೋಗುತ್ತಾರೆ, ಅಲ್ಲೂ ಮೆಡಿಕಲ್ ಕಾಲೇಜು ಇದೆ. ಮಂಜೇಶ್ವರದವರಿಗೆ ಕಾಸರಗೋಡಿಗಿಂತ ದೇರಳಕಟ್ಟೆಯೇ ಹತ್ತಿರ.

ಗಡಿ ಅನ್ನುವುದು ಮಾಮೂಲಿ ದಿನ ಕಣ್ಣಿಗೇ ಬೀಳುವುದಿಲ್ಲ. 2020ರ ಮಾರ್ಚಿನಲ್ಲಿ ಮಾತ್ರ ಬಿತ್ತು. ಲಾಕ್‌ಡೌನ್ ಹೊತ್ತಿನಲ್ಲಿ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿಯಿತು, ತಲಪಾಡಿಯಲ್ಲಿ ಆಂಬುಲೆನ್ಸುಗಳೂ ನಿಂತವು. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟುವರೆಗೆ ಹೋದ ಮೇಲೆ ರೋಗಿಗಳಿಗೆ ದಾರಿ ಸಿಕ್ಕಿತು. ಅಷ್ಟರಲ್ಲಿ ಕೆಲವರ ಪ್ರಾಣವೇ ಹೋಗಿತ್ತು. ನಮ್ಮ ಕಡೆಯೇ ಒಳ್ಳೇ ಆಸ್ಪತ್ರೆ ಬೇಕು ಅನ್ನುವ ಕೂಗು ಜೋರಾದದ್ದು ಆಗ. ಉಕ್ಕಿನಡ್ಕದ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರಲ್ಲೇ ಕಲ್ಲು ಹಾಕಿದ್ದರು. ಎಂ.ಬಿ.ಬಿ.ಎಸ್. ತರಗತಿ ಶುರುವಾಗಲು 2025 ಬೇಕಾಯಿತು!

ಗಡಿಯ ಕಿರಿಕಿರಿ ಈಗಲೂ ಉಳಿದಿರುವುದು ಕಾಗದಪತ್ರದಲ್ಲಿ. ಕರ್ನಾಟಕ ಸರಕಾರದ ಆರೋಗ್ಯ ಯೋಜನೆ ಅಲ್ಲಿಯ ರೇಷನ್ ಕಾರ್ಡಿನ ಮೇಲೆ ನಿಂತಿದೆ. ಇಲ್ಲಿಗೆ ಬಂದು ಕಾರ್ಡು ಬದಲಾಯಿಸುವ ಮೊದಲು ಅದನ್ನು ಯೋಚಿಸಿ. ಕೇರಳದ ಕಾರುಣ್ಯ ಯೋಜನೆಯ ಕಾರ್ಡು ಇದ್ದರೂ, ನೀವು ಹೋಗುವ ಮಂಗಳೂರಿನ ಆಸ್ಪತ್ರೆಯಲ್ಲಿ ನಡೆಯುತ್ತದಾ ಅಂತ ಹುಷಾರಾಗಿರುವಾಗಲೇ ಕೇಳಿಡಬೇಕು.

ಭಾಷೆಗೆ ಹೆದರಬೇಡಿ. ಇಲ್ಲಿಯ ಸರಕಾರಿ ಆಸ್ಪತ್ರೆಯಲ್ಲಿ ಕೇರಳದ ತೆಂಕಣ ಜಿಲ್ಲೆಗಳಿಂದ ಬಂದ ಡಾಕ್ಟರು, ನರ್ಸುಗಳು ಜಾಸ್ತಿ, ಅವರಿಗೆ ಕನ್ನಡ ಬರಲಿಕ್ಕಿಲ್ಲ. ಪಕ್ಕದ ಬೆಂಚಿನಲ್ಲಿ ಕೂತ ಬ್ಯಾರಿ ಅಜ್ಜಿಯೋ ತುಳುವಿನ ಅಕ್ಕನೋ ನೀವು ಕೇಳುವ ಮೊದಲೇ ಮಲಯಾಳದಲ್ಲಿ ಹೇಳಿಬಿಡುತ್ತಾರೆ, ಕೆಲವೊಮ್ಮೆ ನಿಮಗಿಲ್ಲದ ಕೆಮ್ಮನ್ನೂ ಸೇರಿಸಿ.

ಅಮ್ಮನ ಹಳೇ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಬಾಗಿಲ ಹತ್ತಿರ ನೇತುಹಾಕಿ. ಇಲ್ಲಿ ಎಷ್ಟೋ ಮನೆಗಳಲ್ಲಿ ಹಾಗೇ ಇರುತ್ತದೆ, ಜವಳಿ ಅಂಗಡಿಯ ಚೀಲ, ಒಳಗೆ ಎರಡೂ ರಾಜ್ಯದ ಫೈಲು. ಇ.ಸಿ.ಜಿ. ಕಾಗದ ಮಾಸಿಹೋಗುತ್ತದೆ, ಫೋಟೋ ತೆಗೆದಿಡಿ. 108 ಎರಡೂ ಕಡೆ ಇದೆ. ಆದರೆ ತಲಪಾಡಿ ಆಸುಪಾಸಿನಲ್ಲಿ ಫೋನು ಯಾವ ಕಡೆಯ ಟವರು ಹಿಡಿದಿರುತ್ತದೋ ಗೊತ್ತಾಗುವುದಿಲ್ಲ. ಅಲ್ಲಿಂದ ಕರೆ ಮಾಡಿದರೆ ಮೊದಲು ರಾಜ್ಯ, ಆಮೇಲೆ ಊರು ಹೇಳಿ. ಊರಿನ ಆಂಬುಲೆನ್ಸಿನವರ ನಂಬರನ್ನೂ ಪೇಟೆಯ ಮೆಡಿಕಲ್ ಶಾಪಿನಲ್ಲಿ ಕೇಳಿ ಬರೆದುಕೊಳ್ಳಿ. ಹೆದ್ದಾರಿ ಆರು ಪಥವಾದ ಮೇಲೆ ಎಲ್ಲಿ ಸರ್ವಿಸ್ ರಸ್ತೆಗೆ ಇಳಿಯಬೇಕು, ಯಾವ ಅಂಡರ್‌ಪಾಸಿನಲ್ಲಿ ತಿರುಗಬೇಕು ಅನ್ನುವುದು ಅವರಿಗೆ ಕತ್ತಲಲ್ಲೂ ಗೊತ್ತು.