ಅಂಚೆ ಕೆಲಸಕ್ಕೆ ಸೇರುವ ಮೊದಲು ಗಾಡಿ ಯಾರದ್ದು ಅಂತ ಕೇಳಿ

ಗ್ರೀನ್ ಕಾರ್ಡ್ ಬಂದಿದೆ, ಓಹಾಯೋದ ಸಣ್ಣ ಊರಲ್ಲಿ ಮನೆ ಮಾಡಿದ್ದೇವೆ, ಇಲ್ಲಿನ ಪೋಸ್ಟ್ ಆಫೀಸಿನಲ್ಲಿ ಹಳ್ಳಿ ರೂಟಿಗೆ ಜನ ಬೇಕು ಅಂತ ಬೋರ್ಡ್ ಹಾಕಿದ್ದಾರೆ, ಸೇರಬಹುದಾ ಅಕ್ಕಾ ಅಂತ ಕೇಳಿದ್ದೀರಿ. ಜೊತೆಗೆ "ಸರ್ಕಾರಿ ಕೆಲಸ ಅಲ್ವಾ, ಭಾನುವಾರ ಹೇಗೂ ರಜೆ" ಅಂತಲೂ ಬರೆದಿದ್ದೀರಿ.

ಮೊದಲು ಆ ಭಾನುವಾರದ ಆಸೆ ಬಿಡಿ. ಬೋರ್ಡಿನಲ್ಲಿರುವ ಹುದ್ದೆ ರೂರಲ್ ಕ್ಯಾರಿಯರ್ ಅಸೋಸಿಯೇಟ್, ನಾವೆಲ್ಲ ಆರ್‌ಸಿಎ ಅನ್ನುತ್ತೇವೆ. ಖಾಯಂ ಕ್ಯಾರಿಯರ್, ಅಂದರೆ ಅಂಚೆ ಹಂಚುವವರು, ರಜೆ ಹಾಕಿದ ದಿನ ಅವರ ರೂಟು ಮಾಡುವ ಬದಲಿ ಕೆಲಸ. ಎಷ್ಟೋ ರೂಟುಗಳಲ್ಲಿ ಆ ರಜೆ ಶನಿವಾರವೇ ಇರುತ್ತದೆ. ಭಾನುವಾರ ಅಮೆಜಾನ್ ಪಾರ್ಸೆಲ್. 2013ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್, ನ್ಯೂಯಾರ್ಕ್ ಕಡೆ ಶುರುವಾದದ್ದು ಆಮೇಲೆ ಊರೂರಿಗೂ ಬಂತು. ಕಾಗದ ಪತ್ರ ಇರುವುದಿಲ್ಲ, ಬರೀ ಡಬ್ಬಗಳು. ಆ ಹೊರೆ ಬೀಳುವುದು ಹೆಚ್ಚಾಗಿ ಬದಲಿಯವರ ತಲೆ ಮೇಲೆ. ಬದಲಿಯವರು ಸಿಗದ ಕಡೆ ಖಾಯಂ ಆದವರನ್ನೂ ರಜೆ ದಿನ ಕರೆಯುತ್ತಾರೆ, ಬರಲ್ಲ ಅನ್ನುವ ಹಾಗಿಲ್ಲ.

ಇದು ಸುಪ್ರೀಂ ಕೋರ್ಟ್ ತನಕ ಹೋಗಿದೆ. ಪೆನ್ಸಿಲ್ವೇನಿಯಾದ ಗೆರಾಲ್ಡ್ ಗ್ರಾಫ್ ಅನ್ನುವ ಆರ್‌ಸಿಎ, ಭಾನುವಾರ ದೇವರ ದಿನ, ಕೆಲಸ ಮಾಡಲ್ಲ ಅಂದರು. ಕೊನೆಗೆ 2019ರಲ್ಲಿ ರಾಜೀನಾಮೆ ಕೊಟ್ಟು ಕೇಸು ಹಾಕಿದರು. 2023ರ ಜೂನ್‌ನಲ್ಲಿ ಒಂಬತ್ತೂ ನ್ಯಾಯಾಧೀಶರು ಅವರ ಪರ ನಿಂತರು. ಧರ್ಮದ ಕಾರಣಕ್ಕೆ ರಜೆ ಕೇಳಿದರೆ, ಅದರಿಂದ ಸಂಸ್ಥೆಗೆ ಭಾರೀ ಹೊರೆ ಆಗುತ್ತದೆ ಅಂತ ತೋರಿಸದೆ ಇಲ್ಲ ಅನ್ನುವಂತಿಲ್ಲ ಅಂದರು. ಹಾಗಂತ ಕುಣಿಯಬೇಡಿ, ಸಂಘದ ಯುಗಾದಿ ಕಾರ್ಯಕ್ರಮಕ್ಕೆ ಈ ತೀರ್ಪು ಕೆಲಸಕ್ಕೆ ಬರುವುದಿಲ್ಲ. ನಮ್ಮ ಹಬ್ಬ ಬುಧವಾರ ಬಂದರೂ ಕನ್ನಡ ಸಂಘದವರು ಶನಿವಾರಕ್ಕೇ ಇಡುತ್ತಾರೆ, ನಮಗೆ ತಪ್ಪಿಹೋಗುವುದೂ ಅದೇ. ದೀಪಾವಳಿ ಮುಗಿಯುವ ಹೊತ್ತಿಗೆ ಕ್ರಿಸ್‌ಮಸ್ ಪಾರ್ಸೆಲ್ ಗಲಾಟೆ ಶುರು.

ಈಗ ಗಾಡಿ ವಿಷಯ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಕೆಲವು ರೂಟಿಗೆ ಇಲಾಖೆಯೇ ಗಾಡಿ ಕೊಡುತ್ತದೆ, ಕೆಲವಕ್ಕೆ ನಿಮ್ಮದೇ ಕಾರು ತರಬೇಕು.

ಇಲಾಖೆ ಗಾಡಿ ಅಂದರೆ ಬಹಳ ಕಡೆ ಇನ್ನೂ ಅದೇ ಹಳೆಯ ಬಿಳಿ ಎಲ್‌ಎಲ್‌ವಿ. ಗ್ರಮ್ಮನ್ ಕಂಪನಿ 1987ರಿಂದ 1994ರವರೆಗೆ ಮಾಡಿದ್ದು. ಎಸಿ ಇಲ್ಲ, ಏರ್‌ಬ್ಯಾಗ್ ಇಲ್ಲ. ಜುಲೈ ತಿಂಗಳಲ್ಲಿ ಅದರ ಸಣ್ಣ ಫ್ಯಾನು ಬಿಸಿಗಾಳಿಯನ್ನೇ ಮುಖಕ್ಕೆ ಊದುತ್ತದೆ. ಎಸಿ ಇರುವ ಹೊಸ ಗಾಡಿಗೆ 2021ರಲ್ಲಿ ಆಷ್‌ಕಾಷ್ ಕಂಪನಿಗೆ ಗುತ್ತಿಗೆ ಕೊಟ್ಟರು. ಅದು ಜಾರ್ಜಿಯಾದ ಅಥೆನ್ಸ್‌ನಲ್ಲಿ ರಸ್ತೆಗೆ ಇಳಿದದ್ದು 2024ರಲ್ಲಿ. ನಿಮ್ಮ ಊರಿನ ಸರದಿ ಯಾವಾಗಲೋ.

ಸ್ವಂತ ಕಾರಿನ ಕಥೆ ಬೇರೆ. ಇಲ್ಲಿ ಸ್ಟಿಯರಿಂಗ್ ಎಡಕ್ಕೆ, ಮನೆ ಮನೆಯ ಅಂಚೆ ಡಬ್ಬ ರಸ್ತೆಯ ಬಲಬದಿಗೆ. ಡಬ್ಬ ನೆಲದಿಂದ 41ರಿಂದ 45 ಅಂಗುಲ ಎತ್ತರ ಇರಬೇಕು ಅಂತ ನಿಯಮ, ಕಿಟಕಿಯಿಂದಲೇ ಕೈಗೆ ಎಟುಕಲಿ ಅಂತ. ಹಾಗಾಗಿ ಜನ ಬಲಗಡೆ ಸೀಟಿನಲ್ಲಿ ಕೂತು, ಎಡಗಾಲು ಚಾಚಿ ಬ್ರೇಕು ಆಕ್ಸಿಲರೇಟರ್ ಒತ್ತುತ್ತಾ, ಎಡಗೈಯಲ್ಲಿ ಸ್ಟಿಯರಿಂಗ್ ಹಿಡಿದು, ಬಲಗೈಯಲ್ಲಿ ಕಾಗದ ಹಾಕುತ್ತಾರೆ. ದಿನವಿಡೀ, ನೂರಾರು ಡಬ್ಬಕ್ಕೆ. ಸಂಜೆ ಸೊಂಟ ಮತ್ತು ಎಡತೊಡೆ ಮಾತಾಡಿಸುತ್ತವೆ. ಮಧ್ಯೆ ಗೇರಿನ ದಿಬ್ಬ ಇರುವ ಈಗಿನ ಕಾರುಗಳಲ್ಲಿ ಅದೂ ಆಗುವುದಿಲ್ಲ. ಅದಕ್ಕೇ ಮುಂದಿನ ಸೀಟು ಉದ್ದಕ್ಕೂ ಒಂದೇ ಇರುವ ಹಳೇ ಬ್ಯೂಕ್‌ ಕಾರುಗಳಿಗೆ ನಮ್ಮ ಕ್ಯಾರಿಯರ್‌ಗಳಲ್ಲಿ ಇನ್ನೂ ಬೇಡಿಕೆ. ದುಡ್ಡಿದ್ದವರು ಬಲಗಡೆ ಸ್ಟಿಯರಿಂಗ್ ಇರುವ ಜೀಪ್ ಕೊಳ್ಳುತ್ತಾರೆ, ಇಲ್ಲ 25 ವರ್ಷ ದಾಟಿದ ಜಪಾನಿ ಕಾರು ತರಿಸುತ್ತಾರೆ.

ಊರಲ್ಲಿ ಬಲಗಡೆ ಕೂತೇ ಓಡಿಸಿದ್ದೇನೆ, ನನಗೆ ಸಲೀಸು ಅಂದುಕೊಳ್ಳಬಹುದು. ಅಷ್ಟು ಸುಲಭ ಅಲ್ಲ. ಇಲ್ಲಿ ಗಾಡಿ ಹೋಗುವುದೂ ರಸ್ತೆಯ ಬಲಕ್ಕೆ. ಚರಂಡಿ ನಿಮ್ಮ ಪಕ್ಕದಲ್ಲೇ, ಎದುರಿಂದ ಬರುವವರು ದೂರದಲ್ಲಿ. ಮುಂದೆ ಟ್ರ್ಯಾಕ್ಟರ್ ಇದ್ದರೆ ಓವರ್‌ಟೇಕ್ ಮಾಡುವಾಗ ಏನೂ ಕಾಣುವುದಿಲ್ಲ. ಸುಮ್ನೆ ಹಿಂದೆ ಹೋಗಿ.

ಸ್ವಂತ ಕಾರಿಗೆ ಸಂಬಳದ ಮೇಲೆ ಮೈಲಿ ಲೆಕ್ಕದಲ್ಲಿ ಭತ್ಯೆ ಕೊಡುತ್ತಾರೆ, ಇಎಂಎ ಅಂತ. ಪೆಟ್ರೋಲಿಗೆ ಸಾಕಾಗುತ್ತದೆ. ಆದರೆ ಡಬ್ಬ ಡಬ್ಬಕ್ಕೂ ನಿಂತು ಹೊರಡುವ ಗಾಡಿಯ ಬ್ರೇಕ್ ಪ್ಯಾಡು, ಗೇರ್‌ಬಾಕ್ಸು ಬೇಗ ಸವೆಯುತ್ತವೆ. ಇನ್ಶೂರೆನ್ಸ್ ಕಂಪನಿಗೆ ಅಂಚೆ ಹಂಚುತ್ತೇನೆ ಅಂತ ಮೊದಲೇ ಹೇಳಿ. ಹೇಳದೆ ಅಪಘಾತ ಆದರೆ ಕ್ಲೇಮು ತಿರಸ್ಕರಿಸುವ ಅವಕಾಶ ಅವರಿಗಿದೆ.

ಸಂಬಳದ ಲೆಕ್ಕವೂ ವಿಚಿತ್ರ. ರೂಟಿಗೆ ಇಷ್ಟು ಗಂಟೆ ಅಂತ ನಿಗದಿ ಮಾಡಿರುತ್ತಾರೆ. ಎಂಟು ಗಂಟೆ ಅಂದರೆ, ಏಳರಲ್ಲಿ ಮುಗಿಸಿದರೂ ಎಂಟರ ದುಡ್ಡು, ಹತ್ತು ಹಿಡಿದರೂ ಎಂಟರ ದುಡ್ಡು. ಹೊಸಬರಿಗೆ ಹತ್ತೇ ಹಿಡಿಯುತ್ತದೆ. ವಾರದಲ್ಲಿ 40 ಗಂಟೆ ದಾಟಿದರೆ ನಿಜವಾದ ಗಂಟೆ ಲೆಕ್ಕಕ್ಕೆ ಬರುತ್ತದೆ. 2023ರಲ್ಲಿ ರೂಟಿನ ಗಂಟೆ ನಿಗದಿ ಮಾಡಲು ಕಂಪ್ಯೂಟರ್ ಲೆಕ್ಕ ಬಂದ ಮೇಲೆ ಬಹುಪಾಲು ರೂಟುಗಳ ಗಂಟೆ ಕಡಿಮೆ ಆಯಿತು, ಜನ ಇನ್ನೂ ಅದನ್ನೇ ಬೈಯುತ್ತಾರೆ.

ಹಾಗಾದರೆ ಬೇಡವೇ? ಖಾಯಂ ಆದರೆ ಪಿಂಚಣಿ, ಆರೋಗ್ಯ ವಿಮೆ ಎಲ್ಲ ಇದೆ, ಒಳ್ಳೆಯ ಕೆಲಸವೇ. ನನಗಂತೂ ಹಿಡಿಸಿದೆ. ಆದರೆ ಖಾಯಂ ಆಗುವುದು ಯಾರಾದರೂ ರೂಟು ಬಿಟ್ಟಾಗ, ಅದೂ ನಿಮ್ಮ ಸರದಿ ಬಂದಾಗ. ಕೆಲವು ಕಡೆ ವರ್ಷಗಟ್ಟಲೆ ಆಗುತ್ತದೆ. ಅದಕ್ಕೆ ಇಂಟರ್‌ವ್ಯೂನಲ್ಲಿ ನಾಚಿಕೊಳ್ಳದೆ ಕೇಳಿ: ಯಾವ ರೂಟು, ಗಾಡಿ ಯಾರದ್ದು, ಈಗ ಎಷ್ಟು ಬದಲಿಯವರಿದ್ದಾರೆ, ಭಾನುವಾರ ಯಾವ ಊರಿಗೆ ಕಳಿಸುತ್ತೀರಿ. ಬದಲಿಯವರು ಒಬ್ಬರೂ ಇಲ್ಲ ಅಂದರೆ ಏಳೂ ದಿನ ನಿಮ್ಮದೇ ಅಂತ ತಿಳಿಯಿರಿ.

ಇನ್ನೊಂದು, ಕ್ಯಾರಿಯರ್ ಹುದ್ದೆಗೆ ಅಮೆರಿಕದಲ್ಲೇ ಎರಡು ವರ್ಷ ಗಾಡಿ ಓಡಿಸಿದ ದಾಖಲೆ ಕೇಳುತ್ತಾರೆ. ಈಗಷ್ಟೇ ಲೈಸೆನ್ಸ್ ತೆಗೆದುಕೊಂಡಿದ್ದರೆ ಅಲ್ಲಿಯವರೆಗೆ ಒಳಗಿನ ಗುಮಾಸ್ತರ ಕೆಲಸ ಖಾಲಿ ಇದೆಯಾ ನೋಡಿ. ಅದಕ್ಕೆ ಕಾರು ಬೇಕಿಲ್ಲ.